ಹರಿದದ್ದು ಎರಡೇ ವೈರು

ಗಣಪತಿಯ ವಾಹನಕ್ಕೂ ನಮ್ಮ ವಾಹನಕ್ಕೂ ಹಳೆಯ ಹಗೆಯೇನೂ ಇಲ್ಲ. ಆದರೆ ಜೋಳ, ಕಡಲೆಯ ಸುಗ್ಗಿ ಮುಗಿದು ರೋಣದ ಎರೆಹೊಲಗಳು ಬರಿದಾದವೆಂದರೆ ಇಲಿಗಳು ಊರೊಳಗೆ ಬರುತ್ತವೆ. ಅವುಗಳ ಹಲ್ಲು ಬೆಳೆಯುತ್ತಲೇ ಇರುತ್ತದಂತೆ. ಏನನ್ನಾದರೂ ಕಡಿದು ಸವೆಸಲೇಬೇಕು. ಕಾಳಿನ ಚೀಲ ಸಿಗದಿದ್ದರೆ ಕಾರಿನ ವೈರೂ ಆದೀತು. ನನ್ನ ಕಾರಿನಲ್ಲಿ ಅವು ಆರಿಸಿಕೊಂಡದ್ದು ಗೇರ್ ಲಿವರಿನ ಬುಡವನ್ನು.

ಗೇರಿಗೂ ವೈರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಾಮೂಲಿ ಕಾರಿನಲ್ಲಿ ಎಡಗಾಲಿನಿಂದ ಕ್ಲಚ್ ಒತ್ತಿ ಲಿವರ್ ಸರಿಸಿದರೆ ಸರಳೋ ಕೇಬಲ್ಲೋ ಹೋಗಿ ಗೇರ್ ಬದಲಿಸುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಸಣ್ಣ ಕಾರುಗಳಲ್ಲೂ ಕ್ಲಚ್ ಇಲ್ಲದವು ಕೈಗೆಟಕುವ ಬೆಲೆಗೆ ಸಿಗತೊಡಗಿದವು. ನನ್ನದು ಬೇರೆ ಕಂಪನಿಯದು, ಜಾತಿ ಮಾತ್ರ ಅದೇ. ಇದರಲ್ಲಿ ಲಿವರ್ ಗೇರನ್ನು ಮುಟ್ಟುವುದೇ ಇಲ್ಲ. ಬಾಗಿಲಿನ ಕರೆಗಂಟೆಯ ಗುಂಡಿಯಂತೆ ಸುದ್ದಿ ಕಳಿಸುವುದಷ್ಟೇ ಅದರ ಕೆಲಸ. ವೈರಿನಲ್ಲಿ ಹೋದ ಸುದ್ದಿ ಕೇಳಿ ಒಳಗಿನ ಪುಟ್ಟ ಕಂಪ್ಯೂಟರು ಕ್ಲಚ್ ಒತ್ತಿಸುತ್ತದೆ, ಗೇರ್ ಹಾಕಿಸುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿದೆ ಎಂಬ ಸುದ್ದಿ ಮುಟ್ಟದಿದ್ದರೆ ಇಂಜಿನ್ ಶುರುವಾಗುವುದೂ ಇಲ್ಲ.

ಎಡ ಮೊಣಕಾಲು ಸವೆದ ನನಗೆ ಈ ಕಾರೇ ಕಾಲು. ನರಗುಂದದಲ್ಲಿ ಒಬ್ಬಳೇ ಇರುವ ಅವ್ವನ ಬಳಿಗೆ ಪ್ರತಿ ಭಾನುವಾರ ಹೋಗಿ, ವಾರದ ಮಾತ್ರೆ ಜೋಡಿಸಿಟ್ಟು, ತಲೆಗೆ ಎಣ್ಣೆ ಹಚ್ಚಿ ಬರುವುದು ಇದರಿಂದಲೇ. ದೊಡ್ಡ ಗ್ಯಾರೇಜಿನವರು ಕಾರು ನೋಡದೆ ಫೋನಿನಲ್ಲೇ, ವೈರಿಂಗ್ ಪೂರ್ತಿ ಬದಲಿಸಬೇಕು ಎಂದರು. ಹೇಳಿದ ಹಣ ಅರ್ಧ ಸಂಬಳದಷ್ಟಿತ್ತು. ತಮ್ಮ, “ಅಕ್ಕಾ, ಮಾರಿಬಿಡು. ಈ ವಯಸ್ಸಿನಾಗ ಯಾಕ ಬೇಕು? 2023ರಿಂದ ನಿಮಗ ಬಸ್ಸಿನಾಗ ಟಿಕೀಟೂ ಇಲ್ಲ” ಎಂದ. ಟಿಕೀಟಿಲ್ಲ ನಿಜ, ಆದರೆ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂಬುದು ಮೊಣಕಾಲು ನೋಯದವರಿಗೆ ತಿಳಿಯುವುದಿಲ್ಲ.

ಕೊನೆಗೆ ಗಜೇಂದ್ರಗಡದಿಂದ ವೈರಿಂಗ್ ಕೆಲಸದ ಹುಡುಗನೊಬ್ಬ ಬೈಕಿನಲ್ಲಿ ಬಂದ. “ಅಕ್ಕೋರ, ಎಲ್ಲಿ ಹರದೈತಿ ಮೊದಲ ನೋಡೂಣ್ರಿ. ಬದಲ ಮಾಡೂದು ಆಮ್ಯಾಲಿನ ಮಾತು” ಎಂದ. ಬರಿ ವೈರುಗಳು ಒಂದಕ್ಕೊಂದು ತಾಗಿ ಸುಡಬಾರದೆಂದು ಮೊದಲು ಬ್ಯಾಟರಿಯ ಮೈನಸ್ ಕಡೆ ಬಿಚ್ಚಿದ. ಲಿವರಿನ ಸುತ್ತಲ ಹೊದಿಕೆ ಎಬ್ಬಿಸಿ, ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಂದೊಂದೇ ವೈರಿನ ಎರಡೂ ತುದಿಗೆ ಹಿಡಿಯುತ್ತ ಹೋದ. ಕುಂಯ್ ಎಂದರೆ ಜೀವವಿದೆ, ಸುಮ್ಮನಿದ್ದರೆ ಹರಿದಿದೆ. ಅಷ್ಟು ವೈರುಗಳಲ್ಲಿ ಸುಮ್ಮನಿದ್ದವು ಎರಡೇ. ಒಂದನ್ನು ಇಲಿ ಪೂರ್ತಿ ಕಡಿದಿತ್ತು. ಇನ್ನೊಂದರ ಸಿಪ್ಪೆ ಹೋಗಿ, ಒಳಗಿನ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು.

ಕೆಟ್ಟ ಭಾಗ ಕತ್ತರಿಸಿ ಅಷ್ಟೇ ದಪ್ಪದ ತುಂಡು ಸೇರಿಸಿದ. ಬೆಸೆಯುವ ಮೊದಲೇ, ಕಾಯಿಸಿದರೆ ಕುಗ್ಗುವ ಸ್ಲೀವನ್ನು ವೈರಿಗೆ ಏರಿಸಿಟ್ಟ. ಗಂಟು ಹಾಕಿದ ಮೇಲೆ ಮಣಿ ಪೋಣಿಸಲು ಬರುವುದಿಲ್ಲವಲ್ಲ! ಸೋಲ್ಡರ್ ಮಾಡಿ, ಸ್ಲೀವ್ ಕಾಯಿಸಿದ. ಎರಡು ಬೆಸುಗೆ ಒಂದೇ ಕಡೆ ಬರದಂತೆ ನೋಡಿಕೊಂಡ. “ಬರೇ ತಿರುವಿ ಟೇಪ್ ಸುತ್ತಿದ್ರ ನಮ್ಮ ರಸ್ತೆದಾಗ ಕುಣದು ಕುಣದು ಬಿಚ್ಚತೈತ್ರಿ” ಎಂದ. ಅದೇ ಕಾರಣಕ್ಕೆ ವೈರನ್ನು ಬಿಗಿಯದೆ ತುಸು ಸಡಿಲು ಬಿಟ್ಟ.

ಇಷ್ಟು ತಾಳ್ಮೆ ಎಲ್ಲಿ ಕಲಿತೆಪ್ಪಾ ಎಂದೆ. “ನಮ್ಮವ್ವ ನೇಯ್ತಾಳ್ರಿ. ಒಂದ ಎಳಿ ಹರದ್ರ ಹಾಸನ್ನ ಯಾರ ಬಿಸಾಕ್ತಾರ್ರಿ?” ಎಂದ. ಪಟ್ಟೆದ ಅಂಚಿನ ಸೀರೆಯ ಊರಿನವನು ಇನ್ನೇನು ಹೇಳಿಯಾನು!

ನಮ್ಮ ವಯಸ್ಸಿನ ಹೆಂಗಸರಿಗೆ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ: ಸಾಕು ಮಾಡು, ಬಿಟ್ಟುಬಿಡು, ಮನೆಯಲ್ಲಿರು. ಇಲ್ಲಿ ಹರಿದದ್ದು ಎರಡು ವೈರು. ಬಿಡಬೇಕಾಗಿದ್ದುದು ನರಗುಂದದ ದಾರಿ, ಅವ್ವನ ಭಾನುವಾರ. ಬಿಡುವ ಮಾತು ಬಂದಾಗ, ಎಲ್ಲಿ ಹರಿದಿದೆ ತೋರಿಸಿ ಎಂದು ನಾವೂ ಒಮ್ಮೆ ಕೇಳಬೇಕು.

ಮುಂದಿನ ಶನಿವಾರ ತಮ್ಮನ ಫೋನು ಬಂತು. “ಅಕ್ಕಾ, ನಾಳೆ ನರಗುಂದಕ್ಕ ಹೊಂಟೀ ಏನು? ನನಗೂ ಜಾಗಾ ಐತಿಲ್ಲೋ?”