ಹೆಸರಿಡುವ ರೂಢಿ

ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಪುಣೆಗೆ ತಂದು ಹಲವು ವರ್ಷಗಳಾದವು. ಕೋಥರೂಡಿನ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹೊರನಾಡ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಈಚೆಗೊಂದು ಸಂಜೆ ಪೈಥಾನ್ ಕಲಿಯುತ್ತಿರುವ ಮಗಳು, "ಮೆಥಡ್‌ಗಳಿಗೆ ಕನ್ನಡದ ಹೆಸರನ್ನೂ ಇಡಬಹುದಂತೆ, ಅಕ್ಷರ ನೀವಿಬ್ಬರೂ ಹೇಳಿಕೊಡಿ" ಎಂದಳು. ಅವಳು ಬರೆಯುತ್ತಿದ್ದುದು ಇಡೀ ದಿನ ಗೊಂಬೆಯೊಂದನ್ನು ನೋಡಿಕೊಳ್ಳುವ ಆಟ.

ಮೆಥಡ್ ಎಂದರೆ ಗಣಕಕ್ಕೆ ವಹಿಸಿದ ಒಂದು ಕೆಲಸ. ಆದ್ದರಿಂದ ಅದರ ಹೆಸರು ಸಾಮಾನ್ಯವಾಗಿ ಕ್ರಿಯಾಪದ. ಜಾವಾದಲ್ಲಿ ಎರಡನೆಯ ಪದವನ್ನು ದೊಡ್ಡಕ್ಷರದಿಂದ ಆರಂಭಿಸಿ ಮೊದಲನೆಯದಕ್ಕೆ ಅಂಟಿಸುತ್ತಾರೆ. ಪೈಥಾನ್‌ನಲ್ಲಿ, 2001ರ 'ಪೆಪ್ 8' ಸೂಚಿಯಂತೆ, ಎಲ್ಲವೂ ಸಣ್ಣಕ್ಷರ, ಪದಗಳ ನಡುವೆ ಅಡಿಗೆರೆ. 2008ರಲ್ಲಿ ಬಂದ ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡ-ಸಣ್ಣ ಅಕ್ಷರಗಳ ಭೇದವೇ ಇಲ್ಲವಾದ್ದರಿಂದ ಜಾವಾದ ರೂಢಿ ಇಲ್ಲಿ ಸಲ್ಲದು, ಅಡಿಗೆರೆಯೇ ಗತಿ. ಇಂಗ್ಲಿಷಿನಲ್ಲಿ ಮೊದಲು ಬರುವ ಕ್ರಿಯೆ ಕನ್ನಡದಲ್ಲಿ ಕೊನೆಗೆ ಸರಿಯಿತು: 'ಹೆಸರು_ಕೊಡು'.

"ಕಂಪ್ಯೂಟರಿಗೆ 'ಕೊಡು' ಅನ್ನಬೇಕಾ, 'ಕೊಡಿ' ಅನ್ನಬೇಕಾ?" ಎಂದಳು. ನಕ್ಕು, 'ಕೊಡು' ಸಾಕೆಂದೆವು. ಕನ್ನಡದ ಧಾತು ಒಂಟಿಯಾಗಿ ನಿಂತರೆ ಅದೇ ಏಕವಚನದ ಆಜ್ಞೆಯಲ್ಲವೇ?

ಅರ್ಧ ಗಂಟೆಯ ಬಳಿಕ ಅವಳ ಪಟ್ಟಿ ನೋಡಿದೆವು: ಏಳು, ಬೇಗ_ಬಾ, ಹಾಲು_ಕುಡಿ, ಓದು, ಟಿವಿ_ಆರಿಸು, ಮಲಗು. ಕಾಗುಣಿತದಲ್ಲಿ ಒಂದೆರಡು ತಪ್ಪುಗಳಿದ್ದವು, ತಿದ್ದಲು ಮನಸ್ಸಾಗಲಿಲ್ಲ. ಅವೆಲ್ಲ ನಮ್ಮವೇ ಮಾತುಗಳು. ಕಥೆ, ಜಗಳ, ಗುಟ್ಟುಗಳನ್ನೆಲ್ಲ ಅವಳು ಗೆಳತಿಯರೊಡನೆ ಮರಾಠಿಯಲ್ಲಿ ಆಡುತ್ತಾಳೆ. ಕನ್ನಡವನ್ನು ಮನೆಯಲ್ಲಿ ಉಳಿಸಿಕೊಂಡೆವೆಂದು ಬೀಗುತ್ತಿದ್ದ ನಾವು ಅವಳಿಗೆ ಕೊಟ್ಟದ್ದು ಬಹುಪಾಲು ಆಜ್ಞೆಗಳನ್ನೇ.

ಹೌದು-ಇಲ್ಲ ಎಂದು ಉತ್ತರಿಸುವ ಮೆಥಡ್‌ಗಳಿಗೆ ಬೇರೆಯೇ ರೂಢಿಯುಂಟು. ಜಾವಾದಲ್ಲಿ ಅಂಥ ಹೆಸರು 'ಈಸ್' ಎಂದು ಮೊದಲಾಗುತ್ತದೆ. ರೂಬಿ ಭಾಷೆಯಲ್ಲಿ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಡುತ್ತಾರೆ. ಕನ್ನಡವೂ ರೂಬಿಯ ಹಾಗೆಯೇ. ಕೊನೆಯ ಸ್ವರವೊಂದು ಎಳೆದರೆ ಹೇಳಿಕೆ ಪ್ರಶ್ನೆಯಾಗುತ್ತದೆ. ಮಗಳ ಪಟ್ಟಿಯಲ್ಲಿ ಪ್ರಶ್ನೆ ಒಂದೂ ಇರಲಿಲ್ಲ. "ಗೊಂಬೆಯನ್ನು ಏನಾದರೂ ಕೇಳಬೇಡವೇ?" ಎಂದು ಎರಡು ಹೆಸರು ಬರೆಸಿದೆವು: 'ಹಸಿವಾಗಿದೆಯಾ', 'ಬೇಜಾರಾಗಿದೆಯಾ'.

ಅವಳು ನಿಧಾನವಾಗಿ ಕೀಲಿ ಒತ್ತುತ್ತ, "ಬೇಜಾರು ಅಂದರೆ ಕಂಟಾಳಾ ತಾನೇ?" ಎಂದು ಮರಾಠಿಯಲ್ಲಿ ಖಚಿತಪಡಿಸಿಕೊಂಡಳು. ಹೌದೆಂದೆವು. ಆ ರಾತ್ರಿ ಊಟಕ್ಕೆ ಕುಳಿತಾಗ 'ಬೇಗ ತಿನ್ನು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಶಾಲೆಯಲ್ಲಿ ಬೇಜಾರಾಗುತ್ತದೆಯಾ ಎಂದು ಕೇಳಿದೆವು.