ಕಾಣಿ ತೋರಿಸಿದಷ್ಟು

ಬೋಣಕ್ಕಾಡಿನ ಚಹಾ ತೋಟ ದಾಟಿ ಹೆಚ್ಚು ಹೊತ್ತಾಗಿಲ್ಲ, ಆಗಲೇ ಬಿಸಿಲು ನಾಪತ್ತೆ. ಜನವರಿಯಾದರೂ ಕಾಲಡಿಯ ತರಗು ಒದ್ದೆ. ಮುಂದೆ ನಡೆಯುತ್ತಿರುವ ಕಾಣಿ ತಟ್ಟನೆ ನಿಂತು ಎಡಗೈ ಹಿಂದಕ್ಕೆ ಚಾಚುತ್ತಾರೆ. ಸಾಲಿನಲ್ಲಿದ್ದ ನಾವೆಲ್ಲ ಒಬ್ಬರ ಬೆನ್ನಿಗೊಬ್ಬರು ತಾಗಿ ನಿಲ್ಲುತ್ತೇವೆ. ಅವರು ಮೂಗೆತ್ತಿ ಗಾಳಿ ಎಳೆದು, ತಿರುಗಿ, ನಮ್ಮ ಜೊತೆಗಿರುವ ಕಾಸರಗೋಡಿನ ಟೀಚರಿಗೆ ಏನೋ ಹೇಳುತ್ತಾರೆ. ಟೀಚರ್ ನಗು ತಡೆದುಕೊಂಡು ಕನ್ನಡಕ್ಕೆ ತರುತ್ತಾರೆ: “ಯಾರೋ ಸೆಂಟ್ ಹಾಕ್ಕೊಂಡು ಬಂದಿದ್ದಾರಂತೆ. ನಾವು ಮುಟ್ಟುವ ಮೊದಲೇ ಅದು ಆನೆಗೆ ಮುಟ್ಟುತ್ತದಂತೆ.” ಬೆಂಗಳೂರಿನ ಹುಡುಗನೊಬ್ಬ ಸದ್ದಿಲ್ಲದೆ ಕುತ್ತಿಗೆ ಒರೆಸಿಕೊಳ್ಳುತ್ತಾನೆ.

ಹೊರಟಿರುವುದು ಅಗಸ್ತ್ಯಕೂಡಂಗೆ. 1868 ಮೀಟರ್ ಎತ್ತರ. ಈಚೆ ಕೇರಳ, ಆಚೆ ತಮಿಳುನಾಡು. ತಲಕಾವೇರಿಯಲ್ಲಿ ಕಮಂಡಲ ಉರುಳಿಸಿಕೊಂಡ ಅಗಸ್ತ್ಯರೇ ಇಲ್ಲಿಯೂ, ಶಿಖರದ ಮೇಲೆ ಅವರ ಮೂರ್ತಿ. ಅರಣ್ಯ ಇಲಾಖೆ ಮಳೆ ಕಳೆದ ಮೇಲೆ ಕೆಲವು ವಾರ ಮಾತ್ರ ಈ ದಾರಿ ತೆರೆಯುತ್ತದೆ; ದಾರಿ ತೋರಲು ಜೊತೆಗೆ ಇಲ್ಲಿಯ ಮೂಲನಿವಾಸಿಗಳಾದ ಕಾಣಿ ಜನ. ಹೆಂಗಸರಿಗೆ ದಾರಿ ಬಿಟ್ಟದ್ದು ಹೈಕೋರ್ಟ್ ಹೇಳಿದ ಮೇಲೆ, 2019ರಲ್ಲಿ. ಕಾಣಿಗಳಲ್ಲಿ ಹಲವರಿಗೆ ಅದು ಸರಿಬಂದಿರಲಿಲ್ಲ. ಟೀಚರ್ ಆ ಮಾತು ತೆಗೆದರೆ ನಮ್ಮ ಕಾಣಿ, “ಕಾಲು ನೋಡ್ಕೊಂಡು ನಡಿ ಮೋಳೇ” ಎನ್ನುತ್ತಾರೆ, ಅಷ್ಟೆ.

ಮೊದಲ ಪಾಠ ಲದ್ದಿಯದು. ದಾರಿಯ ನಡುವೆಯೇ ರಾಶಿ ಬಿದ್ದಿದೆ. ಕಾಣಿ ಕುಕ್ಕರಗಾಲಲ್ಲಿ ಕೂತು ಒಂದು ಉಂಡೆಯನ್ನು ಕೋಲಿನಿಂದ ಸೀಳಿ, ಒಳಭಾಗದ ಹತ್ತಿರ ಮುಂಗೈ ಹಿಡಿಯುತ್ತಾರೆ. ನಾವೂ ಒಬ್ಬೊಬ್ಬರಾಗಿ ಹಿಡಿಯುತ್ತೇವೆ. ಬಿಸಿಯಿಲ್ಲ. ಮೇಲ್ಮೈ ಒಣಗಿ ಕಂದಾಗಿದೆ, ಒಳಗೆ ಮಾತ್ರ ಪಸೆ. ನಿನ್ನೆ ಸಂಜೆಯದು. ಸೀಳಿದ್ದರ ತುಂಬ ವಾಟೆಯ ನಾರು. ವಾಟೆ ಮೇಯ್ದ ಆನೆ ನೀರಿಗಿಳಿಯುತ್ತದೆ, ಹಾಗಾಗಿ ಮುಂದಿನ ತೊರೆಯಲ್ಲಿ ಬಾಟಲಿ ತುಂಬಲು ಮುಗಿಬೀಳಬೇಡಿ, ನಾನು ಇಳಿದ ಮೇಲೆ ಇಳಿಯಿರಿ ಎನ್ನುತ್ತಾರೆ.

ತೊರೆಯ ಬಳಿ ಆನೆಯಿಲ್ಲ, ಇಂಬಳಗಳಿವೆ. ನಮ್ಮಲ್ಲೊಬ್ಬರು ಸಾಕ್ಸಿನೊಳಗೆ ಹೊಕ್ಕಿದ್ದನ್ನು ಹಿಡಿದೆಳೆಯಲು ಹೋಗುತ್ತಾರೆ. ಕಾಣಿ ತಡೆದು, ಹೆಬ್ಬೆರಳ ಉಗುರನ್ನು ಚರ್ಮಕ್ಕೆ ಮಟ್ಟಸವಾಗಿ ಒತ್ತಿ, ಕಚ್ಚಿದ ಬಾಯಿಯ ಕಡೆಗೆ ಮೆಲ್ಲನೆ ಜಾರಿಸುತ್ತಾರೆ. ಇಂಬಳ ತಾನಾಗಿ ಕಳಚಿಕೊಳ್ಳುತ್ತದೆ. ಆಮೇಲೆ ಉಪ್ಪು, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಒದ್ದೆ ಮಾಡಿ ಎಲ್ಲರ ಬೂಟಿನ ಬಾಯಿಗೂ ಸವರುತ್ತಾರೆ. ಮಲೆನಾಡಿನವರಿಗೆ ಇದು ಹೊಸತಲ್ಲ. ಹೊಸತು ಇನ್ನೊಂದು: ಬೊಡ್ಡೆಯಿಂದ ಕಪ್ಪಗೆ ರಾಳ ಇಳಿದು ಗಟ್ಟಿಯಾಗಿರುವ ಧೂಪದ ಮರ. ಒಂದು ಚೂರನ್ನು ಉಗುರಲ್ಲಿ ಒಡೆದು ಮೂಸಲು ಕೊಡುತ್ತಾರೆ. ಜಡಿಮಳೆಯಲ್ಲಿ ಸೌದೆ ನೆನೆದಾಗ ಈ ಚೂರಿನಿಂದಲೇ ಒಲೆ ಹೊತ್ತಿಸುವುದಂತೆ. ಪುಲ್ಲಾಣಿ ಬಳ್ಳಿ ತೋರಿಸಿ, ಕತ್ತರಿಸಿದರೆ ಕುಡಿಯುವ ನೀರು ಸುರಿಯುತ್ತದೆ ಎನ್ನುತ್ತಾರೆ. ನಮ್ಮ ಹುಡುಗ ಮೊಬೈಲು ಸಿದ್ಧ ಮಾಡುತ್ತಾನೆ. ಕಾಣಿ ಕತ್ತರಿಸುವುದಿಲ್ಲ. ಪಕ್ಕದಲ್ಲೇ ತೊರೆ ಹರಿಯುತ್ತಿದೆಯಲ್ಲ!

ವಾಟೆಯ ಮೆಳೆಯಲ್ಲಿ ಅದೇ ಹುಡುಗ ಅಂಗೈ ಕೊಯ್ದುಕೊಳ್ಳುತ್ತಾನೆ. ಸೀಳಿದ ವಾಟೆಯ ಅಂಚು ಅಂದರೆ ಬ್ಲೇಡೇ. ರಕ್ತ ಮೊಣಕೈವರೆಗೆ ಇಳಿಯುತ್ತಿದೆ. ಯಾರೋ ಬ್ಯಾಗಿನಲ್ಲಿ ಪಟ್ಟಿ ಹುಡುಕುತ್ತಿರುವಾಗ ಕಾಣಿ ಪೊದೆಯ ಹಿಂದೆ ಮರೆಯಾಗಿ ಬರುತ್ತಾರೆ. ಮುಷ್ಟಿಯಲ್ಲಿ ಏನೋ ಇದೆ, ಆಗಲೇ ಉಜ್ಜಿ ಹಸಿರು ಮುದ್ದೆಯಾಗಿದೆ. ಗಾಯದ ಮೇಲೆ ಹಿಂಡಿ ಒತ್ತಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ. ಎಲೆ ಯಾವುದೆಂದು ಕೇಳಿದರೆ ಉತ್ತರ ಬರುವುದಿಲ್ಲ, ನಡಿಗೆ ಮುಂದುವರಿಯುತ್ತದೆ.

ಎಲ್ಲರೂ ಕಾಯುತ್ತಿರುವ ಗಿಡವನ್ನು ಅವರು ಹಾದುಹೋಗಿಯೇ ಬಿಟ್ಟಿದ್ದರು. ಟೀಚರ್ ಪೀಡಿಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬರುತ್ತಾರೆ. ದಟ್ಟ ನೆರಳಿನಲ್ಲಿ, ಗೇಣುದ್ದವೂ ಇಲ್ಲದ ಸಸ್ಯ. ಹೃದಯದಾಕಾರದ ಎಲೆ, ತೊಟ್ಟಿನ ಬುಡದಲ್ಲಿ ಕಣ್ಣಿಗೆ ಬೀಳದಂಥ ಕಂದು ಹೂ. ಆರೋಗ್ಯಪಚ್ಚ. ನಾವು ಬಗ್ಗಿ ನೋಡುತ್ತೇವೆ. ಮುಟ್ಟಲು ಬಿಡುತ್ತಾರೆ, ಕೀಳಲು ಬಿಡುವುದಿಲ್ಲ.

1987ರ ಡಿಸೆಂಬರಿನಲ್ಲಿ ವಿಜ್ಞಾನಿ ಪುಷ್ಪಾಂಗದನ್ ಅವರ ತಂಡ ಇದೇ ಬೆಟ್ಟಗಳಲ್ಲಿ ನಮ್ಮ ಹಾಗೆಯೇ ಏದುಸಿರು ಬಿಡುತ್ತ ನಡೆದಿತ್ತು. ದಾರಿ ತೋರುತ್ತಿದ್ದ ಕಾಣಿಗಳಿಗೆ ಮಾತ್ರ ದಣಿವಿಲ್ಲ; ಏನೋ ಸಣ್ಣ ಕಾಯಿ ಜಗಿಯುತ್ತಿದ್ದರು. ಮೊದಲು ಹೇಳಲು ಒಪ್ಪದಿದ್ದರೂ ಕೊನೆಗೆ ಈ ಗಿಡ ತೋರಿಸಿದರು. ಅದರಿಂದ ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ‘ಜೀವನಿ’ ಎಂಬ ಔಷಧಿ ರೂಪಿಸಿ, ಕೊಯಮತ್ತೂರಿನ ಕಂಪನಿಗೆ 10 ಲಕ್ಷ ರೂಪಾಯಿ ಶುಲ್ಕ, ಶೇ. 2ರ ರಾಯಧನಕ್ಕೆ ಪರವಾನಗಿ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಹಣ ಪಡೆಯಲು 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಬುಡಕಟ್ಟಿನವರಿಗೆ ಪಾಲು ಕೊಟ್ಟ ಮಾದರಿಯೆಂದು ಜಗತ್ತೇ ಹೊಗಳಿತು. ಹೊಗಳಿಕೆ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಕಾಣಿಗಳ ವೈದ್ಯರಾದ ಪ್ಲಾತ್ತಿಗಳಲ್ಲಿ ಕೆಲವರು ತಮ್ಮ ವಿದ್ಯೆ ಮಾರಾಟವಾಗುವುದನ್ನು ವಿರೋಧಿಸಿದ್ದರು. ಎಲೆ ಕೀಳಲು ಅರಣ್ಯ ಇಲಾಖೆ ಅಡ್ಡಿ ಮಾಡಿತು. ಗಿಡವೋ, ಕಾಡಿನ ನೆರಳು ಬಿಟ್ಟರೆ ಗುಣ ಕಳೆದುಕೊಳ್ಳುತ್ತದೆ.

ಇಷ್ಟನ್ನೂ ಟೀಚರ್ ಮೆಲುದನಿಯಲ್ಲಿ ನಮಗೆ ಹೇಳುತ್ತಿದ್ದರೆ, ಅರ್ಥವಾದವರಂತೆ ಕಾಣಿ ದೂರ ನೋಡುತ್ತಾರೆ. ಕಾಡಿನ ವಿದ್ಯೆ ಕಲಿಯಲು ಬಂದೆವೆಂದು ನಾವು ಅಂದುಕೊಂಡಿದ್ದೇವೆ. ಯಾವುದನ್ನು ಕಲಿಸಬೇಕು, ಯಾವುದನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ತರಬೇಕು ಎಂಬ ತೀರ್ಮಾನ ಅವರದು. ಹಾಗಿರುವುದೇ ಸರಿ ಅನಿಸುತ್ತದೆ ನನಗೆ. ಲದ್ದಿಯನ್ನು ಧಾರಾಳವಾಗಿ ಬಿಚ್ಚಿ ತೋರಿಸಿದರು, ಅದು ನಮ್ಮ ಜೀವ ಉಳಿಸುವ ಪಾಠ. ಎಲೆ ಹಾಗಲ್ಲ, ಅದು ಜೇಬಿಗಿಳಿದು ಊರು ಸೇರಬಲ್ಲದು.

ಹುಲ್ಲುಗಾವಲಿನ ಸುಡುಬಿಸಿಲು ದಾಟಿದ ಮೇಲೆ ಮುಟ್ಟಿಡಿಚ್ಚಾನ್ ಏರು. ಪ್ರತಿ ಹೆಜ್ಜೆಗೂ ಮಂಡಿ ಎದೆಗೆ ಬಡಿಯುತ್ತದೆ. ಕಾಣಿ ನಿಲ್ಲುವುದಿಲ್ಲ, ಓಡುವುದೂ ಇಲ್ಲ. ಪಾದ ಪೂರ್ತಿ ಊರಿ, ಬೇರು ಮೆಟ್ಟದೆ, ಒಂದೇ ಗತಿ. ಕೂತರೆ ಕಾಲು ಹಿಡಿಯುತ್ತದೆ, ನಿಂತೇ ಸುಧಾರಿಸಿಕೊಳ್ಳಿ ಎನ್ನುತ್ತಾರೆ. ಕತ್ತಲೆಗೆ ಮುನ್ನ ಅತಿರುಮಲೆಯ ಬಿಡಾರದ ಆನೆಗಂದಕ ದಾಟುತ್ತೇವೆ.

ಬಿಸಿ ಗಂಜಿ, ಹೆಸರುಕಾಳು. ಹುಡುಗ ತಟ್ಟೆ ಬದಿಗಿಟ್ಟು ಕಾಣಿಯ ಪಕ್ಕ ಹೋಗಿ ಕೂರುತ್ತಾನೆ. “ಅಣ್ಣಾ, ಆ ಎಲೆ ಹೆಸರಾದ್ರೂ ಹೇಳಿ.” ಟೀಚರ್ ಮಲಯಾಳಕ್ಕೆ ತಿರುಗಿಸುತ್ತಾರೆ. ಕಾಣಿ ಅವನ ಅಂಗೈ ಎಳೆದು ದೀಪಕ್ಕೆ ಹಿಡಿದು ನೋಡಿ, ತಟ್ಟೆ ತೊಳೆಯಲು ಬೇರೆಯವರಿಗೆ ಕೊಡು ಎನ್ನುತ್ತಾರೆ. ನಾಳೆ ತುದಿಯ ಬಂಡೆಯಲ್ಲಿ ಹಗ್ಗ ಹಿಡಿಯುವ ಕೈಯಂತೆ ಅದು, ನೆನೆಸಬಾರದು.