ಕುದುರೆಯ ಮುಖಕ್ಕೂ ಹಕ್ಕಿದೆ

ಸಹೋದರಿಯರೇ, ಮದುವೆ ಮನೆಗೆ ಹೊರಡುವ ಅವಸರದಲ್ಲಿ ಸ್ಕಾರ್ಫನ್ನು ತುಸು ಬಿಗಿಯಾಗಿ ಸುತ್ತಿ ಪಿನ್ ಚುಚ್ಚಿಕೊಂಡ ದಿನ ನಿಮಗೂ ನೆನಪಿರಬಹುದು. ಮಧ್ಯಾಹ್ನದ ಹೊತ್ತಿಗೆ ಕಿವಿಯ ಹಿಂದೆ ನೋವು ಶುರು. ಬಿರಿಯಾನಿ ರುಚಿಸುವುದಿಲ್ಲ, ಮಕ್ಕಳ ಮೇಲೆ ಕಾರಣವಿಲ್ಲದೆ ಸಿಡುಕುತ್ತೇವೆ. ನಮಗಾದರೂ ಪಿನ್ ಸಡಿಲಿಸಲು ಕೈಗಳಿವೆ. ಬಾಯಲ್ಲಿ ಕಡಿವಾಣ, ಮುಖದ ಸುತ್ತ ಚರ್ಮದ ಪಟ್ಟಿ ಕಟ್ಟಿಸಿಕೊಂಡ ಕುದುರೆ ಏನು ಮಾಡಬೇಕು?

ಮಹಿಳೆಯರ ಪತ್ರಿಕೆಯಲ್ಲಿ ಕುದುರೆಯ ಮಾತೇಕೆ ಎನ್ನಬೇಡಿ. ನನ್ನ ಮಗಳು ಬೆಂಗಳೂರಿನ ಹೊರವಲಯದ ಲಾಯವೊಂದರಲ್ಲಿ ಡ್ರೆಸ್ಸೇಜ್ ಕಲಿಯುತ್ತಿದ್ದಾಳೆ. ಓಟವಲ್ಲ, ಜಿಗಿತವಲ್ಲ, ಸವಾರರ ಸಣ್ಣ ಸೂಚನೆಗೆ ಕುದುರೆ ಶಾಂತವಾಗಿ, ಲಯಬದ್ಧವಾಗಿ ಹೆಜ್ಜೆ ಹಾಕುವ ವಿದ್ಯೆ ಅದು. ಹೆಣ್ಣು ಗಂಡು ಒಂದೇ ಅಂಕಣದಲ್ಲಿ ಸಮಾನವಾಗಿ ಸ್ಪರ್ಧಿಸುವ ಕೆಲವೇ ಆಟಗಳಲ್ಲಿ ಇದೂ ಒಂದು. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡ ಡ್ರೆಸ್ಸೇಜ್ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ದೇಶಕ್ಕೆ ಚಿನ್ನ ಬಂದದ್ದು 1982ರ ಬಳಿಕ ಅದೇ ಮೊದಲು. ಅನುಷ್ ಅಗರ್‌ವಾಲಾ, ಹೃದಯ್ ಛೇಡಾ ಜೊತೆ ಆ ತಂಡದಲ್ಲಿ ದಿವ್ಯಾಕೃತಿ ಸಿಂಗ್, ಸುದೀಪ್ತಿ ಹಜೇಲಾ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು.

ಮಗಳ ಪಾಲಿಗೆ ಬಂದ ಹೆಣ್ಣುಕುದುರೆ ಹಿಂದೆ ರೇಸಿನಲ್ಲಿ ಓಡಿದ್ದು. ಈ ಥರೋಬ್ರೆಡ್ ತಳಿಯ ಚರ್ಮ ತೆಳು, ಸ್ವಭಾವವೂ ಸೂಕ್ಷ್ಮ. ಬ್ರೈಡಲ್ ಹಾಕಿದ ಕೂಡಲೇ ತಲೆ ಕೊಡವುತ್ತಿತ್ತು, ಹಲ್ಲು ಕಡಿಯುತ್ತಿತ್ತು, ಕಿವಿ ಮುಟ್ಟಗೊಡುತ್ತಿರಲಿಲ್ಲ. ಲಾಯದ ಒಬ್ಬರು, “ಇದು ಹಠಮಾರಿ. ಮೂಗುಪಟ್ಟಿ ಇನ್ನೆರಡು ರಂಧ್ರ ಬಿಗಿಯಿರಿ, ಬಾಯಿ ಮುಚ್ಚುತ್ತದೆ” ಎಂದರು. ಮಗಳು ನನ್ನ ಮುಖ ನೋಡಿದಳು. “ಉಮ್ಮಾ, ಬಾಯಿ ಮುಚ್ಚಿದರೆ ನೋವು ಹೋಗುತ್ತದಾ?”

ಈ ಬಿಗಿಯುವ ಚಾಳಿಗೆ ಕಾರಣವಿದೆ. ಕುದುರೆ ಬಾಯಿ ತೆರೆದರೆ, ನಾಲಗೆ ಹೊರಹಾಕಿದರೆ ಅಂಕ ಕಡಿಮೆಯಾಗುತ್ತದೆ. ಹಾಗಾಗಿ ತೊಂದರೆ ಏನೆಂದು ಹುಡುಕುವ ಬದಲು ತೊಂದರೆ ಕಾಣದಂತೆ ಕಟ್ಟಿಹಾಕುತ್ತಾರೆ. ನಮ್ಮ ಲಾಯದ ಕಥೆ ಮಾತ್ರವಲ್ಲ ಇದು. ಐರ್ಲೆಂಡ್, ಇಂಗ್ಲೆಂಡ್, ಬೆಲ್ಜಿಯಂಗಳ 750 ಸ್ಪರ್ಧಾ ಕುದುರೆಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 44ರಷ್ಟು ಕುದುರೆಗಳ ಮೂಗುಪಟ್ಟಿಯ ಕೆಳಗೆ ಒಂದು ಬೆರಳೂ ತೂರುತ್ತಿರಲಿಲ್ಲ. ಎರಡು ಬೆರಳಿನ ಜಾಗ ಬಿಟ್ಟಿದ್ದು ಶೇ. 7ರಷ್ಟರಲ್ಲಿ ಮಾತ್ರ.

ಪ್ರವಾದಿವರ್ಯರು(ಸ) ಪ್ರಾಣಿಯ ಮುಖಕ್ಕೆ ಹೊಡೆಯುವುದನ್ನೂ ಮುಖಕ್ಕೆ ಬರೆ ಹಾಕುವುದನ್ನೂ ನಿಷೇಧಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅದನ್ನು ಓದುವಾಗಲೆಲ್ಲ ಚಾಟಿಯೇ ನನ್ನ ಕಣ್ಣೆದುರು ಬರುತ್ತಿತ್ತು. ಈಗ ಪಟ್ಟಿಯೂ ಬರುತ್ತದೆ.

ಮೊದಲು ಪಶುವೈದ್ಯರನ್ನು ಕರೆಸಿದೆವು. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಗೀರಿತ್ತು. ಉಜ್ಜಿ ನಯ ಮಾಡಿದರು. ಹಲ್ಲು ನೋಡಿಸದೆ ಹೊಸ ಬ್ರೈಡಲ್ ಕೊಳ್ಳುವುದು ದುಡ್ಡು ದಂಡ. ಆಮೇಲೆ ಅಳತೆ. ಅಂಗಡಿಯಲ್ಲಿ ಪೋನಿ, ಕಾಬ್, ಫುಲ್ ಎಂಬ ಗಾತ್ರಗಳಿವೆ. ನಮ್ಮ ಕುದುರೆಗೆ ಹಣೆ ಅಗಲ, ಮೂತಿ ಸಣ್ಣ. ಇಡೀ ಸೆಟ್ ಕಾಬ್ ಆಗಿದ್ದರಿಂದ ಹಣೆಪಟ್ಟಿ ಗಿಡ್ಡವಾಗಿ, ತಲೆಯ ಮೇಲಿನ ಪಟ್ಟಿಯನ್ನು ಮುಂದಕ್ಕೆಳೆದು ಕಿವಿಯ ಬುಡಕ್ಕೆ ಒತ್ತುತ್ತಿತ್ತು. ನಮ್ಮ ಸ್ಕಾರ್ಫಿನ ಪಿನ್ ಇದ್ದ ಹಾಗೆ! ಹಣೆಪಟ್ಟಿಯನ್ನಷ್ಟೇ ಫುಲ್ ಗಾತ್ರಕ್ಕೆ ಬದಲಿಸಿ, ಕಿವಿಯ ಹಿಂದೆ ಕೆತ್ತಿದಂತೆ ಒಳಸರಿದ, ಮೆತ್ತೆಯಿರುವ ತಲೆಪಟ್ಟಿ ತಂದೆವು. ಅರ್ಧ ರಂಪ ಅಲ್ಲಿಗೇ ನಿಂತಿತು.

ಮೂಗುಪಟ್ಟಿಯ ಜಾಗವೂ ಮುಖ್ಯ. ಕೆನ್ನೆಯ ಏಣುಮೂಳೆ ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಅದು ಕೂರಬೇಕು. ಮೇಲೇರಿದರೆ ಮೂಳೆಗೆ ಉಜ್ಜುತ್ತದೆ, ತೀರಾ ಇಳಿದರೆ ಮೂಗಿನ ತೆಳ್ಳಗಿನ ಎಲುಬಿನ ತುದಿಗೆ ಒತ್ತುತ್ತದೆ. ಬಿಗಿಯನ್ನು ಕೆನ್ನೆಯ ಬದಿಯಲ್ಲಿ ನೋಡಬೇಡಿ, ಅಲ್ಲಿ ಮಾಂಸ ಮೆತ್ತಗಿದ್ದು ಬೆರಳಿಗೆ ಮೋಸವಾಗುತ್ತದೆ. ಮೂಗಿನ ಮೇಲ್ಮೂಳೆಯ ಮೇಲೆ ನೋಡಬೇಕು. ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ 2025ರಿಂದ ಇದಕ್ಕೆಂದೇ ಒಂದು ಅಳತೆ ಸಾಧನ ತಂದಿದೆ. ಎರಡು ಬೆರಳಿನ ಲೆಕ್ಕದಲ್ಲಿ 1.5 ಸೆಂಟಿಮೀಟರ್. ದಪ್ಪ ಬೆರಳು, ಸಣ್ಣ ಬೆರಳು ಎಂಬ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಕಡಿವಾಣವೇ ಬೇಡವಲ್ಲ ಎಂದು ಕೇಳಿದಳು ನನ್ನ ತಂಗಿ. ನ್ಯಾಯವಾದ ಪ್ರಶ್ನೆ. ಕಡಿವಾಣವಿಲ್ಲದ ಬ್ರೈಡಲ್‌ಗಳಿವೆ, ನೆದರ್ಲೆಂಡ್ಸ್‌ನಲ್ಲಿ ರಾಷ್ಟ್ರೀಯ ಮಟ್ಟದ ಡ್ರೆಸ್ಸೇಜ್‌ಗೆ ಅನುಮತಿಯೂ ಸಿಕ್ಕಿದೆ. ಆದರೆ ಎಫ್‌ಇಐ ಸ್ಪರ್ಧೆಗಳಲ್ಲಿ ಸಲ್ಲದು. ಐರ್ಲೆಂಡಿನ ವಿಲಿಯಂ ಮಿಕ್ಲೆಮ್ ರೂಪಿಸಿದ ಬ್ರೈಡಲ್ ಮುಖದ ನರಗಳಿಗೆ ಒತ್ತದಂತೆ ಬಾಗಿದೆ. ಅದು ಡ್ರೆಸ್ಸೇಜ್‌ಗೂ ಸಲ್ಲುತ್ತದೆ, ಆದರೆ ಅದರ ಜೊತೆ ಬರುವ ಕ್ಲಿಪ್‌ಗಳನ್ನು ಕಡಿವಾಣಕ್ಕೆ ಹಾಕುವಂತಿಲ್ಲ. ಇಂಥ ಪಟ್ಟಿ ಆಗಾಗ ಬದಲಾಗುವುದರಿಂದ ಕೊಳ್ಳುವ ಮೊದಲು ಆ ವರ್ಷದ ನಿಯಮ ನೋಡುವುದು ಒಳ್ಳೆಯದು. ಕಡಿವಾಣ ದಪ್ಪವಿದ್ದಷ್ಟೂ ಮೃದು ಎಂಬ ಹಳೆಯ ನಂಬಿಕೆಯನ್ನೂ ನಂಬಬೇಡಿ. ಕುದುರೆಯ ಬಾಯಿ ತುಂಬ ನಾಲಗೆಯೇ ಇದೆ, ದಪ್ಪ ಲೋಹಕ್ಕೆ ಜಾಗವೆಲ್ಲಿ?

ದುಬಾರಿ ವಿದೇಶಿ ಮಾಲೇ ಆಗಬೇಕೆಂದಿಲ್ಲ. ಕಾನ್ಪುರದ ಕುಶಲಕರ್ಮಿಗಳ ಕೈಯ ಜೀನು, ಲಗಾಮುಗಳು ಯುರೋಪಿಗೆ ಹೋಗುತ್ತವೆ. ಆ ಚರ್ಮೋದ್ಯಮದಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. ನಮ್ಮ ತಲೆಪಟ್ಟಿಯೂ ಕಾನ್ಪುರದ್ದೇ. ಗಡುಸಾದ ಹೊಸ ಚರ್ಮಕ್ಕೆ ಎಣ್ಣೆ ಸವರಿ ಮಣಿಸುವುದು, ಪ್ರತಿ ಸವಾರಿಯ ನಂತರ ಬೆವರು ಒರೆಸುವುದು ಮಗಳ ಕೆಲಸ.

ಕಳೆದ ಸ್ಪರ್ಧೆಯಲ್ಲಿ ಒಂಬತ್ತು ಮಂದಿಯಲ್ಲಿ ಆರನೆಯವಳಾದಳು. ಬಾಯಿ ಇನ್ನೂ ಚಂಚಲ ಎಂದು ತೀರ್ಪುಗಾರರು ಹಾಳೆಯಲ್ಲಿ ಬರೆದಿದ್ದರು. ಮೂಗುಪಟ್ಟಿ ಬಿಗಿಯಲು ಹೇಳಿದ್ದವರು ಹಾಳೆ ನೋಡಿ ನಕ್ಕರು. ಮಗಳು ರಂಧ್ರ ಬದಲಿಸಲಿಲ್ಲ. ಡಿಸೆಂಬರ್‌ನಲ್ಲಿ ಇನ್ನೊಂದು ಸ್ಪರ್ಧೆಯಿದೆ. ಅದಕ್ಕೆ ಮೊದಲು ವೈದ್ಯರಿಂದ ಹಲ್ಲನ್ನು ಮತ್ತೊಮ್ಮೆ ತೋರಿಸಿಕೊಂಡು ಬರಬೇಕು.